ಬೀಗಿತ್ತಿಯ ಅಕ್ಷರಪಾಠ

ಕಟಿಂಗ್ ಅಮ್ಮ ಅರವತ್ತು ದಾಟಿದ ಮೇಲೆ ಚೀನೀ ಅಕ್ಷರ ಬರೆಯಲು ಕಲಿತರು. ಕಲಿಸಿದವರು ಅವರ ಬೀಗಿತ್ತಿ. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಕಟಿಂಗ್ ಅಮ್ಮ ಎನ್ನುವುದು ಅವರ ಹೆಸರಲ್ಲ. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾಗಿದ್ದರು. ಅಲ್ಲಿಯ ಹುಡುಗಿಯರು ಇಟ್ಟ ಹೆಸರು ಹಿಂದೆಯೇ ಮನೆಗೂ ಬಂದು ಉಳಿದುಕೊಂಡಿತ್ತು. ನಾಲಿಗೆಯೂ ಅದೇ ಕಸುಬು ಮಾಡುತ್ತಿದ್ದುದರಿಂದ ಯಾರೂ ಅದನ್ನು ಬದಲಾಯಿಸಲು ಹೋಗಲಿಲ್ಲ.

ಅವರಿಗೆ ಒಬ್ಬನೇ ಮಗ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಪಕ್ಕದ ಔಷಧಿ ಅಂಗಡಿಯಲ್ಲಿದ್ದ ಹುಡುಗಿಯನ್ನು ಮದುವೆಯಾಗಿದ್ದ. ಅವಳ ತಾಯ್ನುಡಿ ಚೀನೀ. ಮದುವೆಯಾಗಿ ಎರಡು ವರ್ಷದಲ್ಲಿ ಅವಳು ಗಂಡನ ಮನೆಯ ಮಾತನ್ನು ಚೆನ್ನಾಗಿಯೇ ಕಲಿತಳು. ಒಂದೆರಡು ಒತ್ತಕ್ಷರ ಮಾತ್ರ ಈಗಲೂ ಕೈಕೊಡುತ್ತಿದ್ದವು. ಅವಳು ಬಸುರಿಯಾಗಿ ಐದು ತಿಂಗಳಾದಾಗ ಡಾಕ್ಟರು, ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಕೂಡದು ಎಂದರು. ಮಗ ತಾಯಿಯನ್ನು ಕರೆಸಿಕೊಂಡ. ಸೊಸೆಯೂ ತನ್ನ ತಾಯಿಯನ್ನು ಕರೆಸಿಕೊಂಡಳು. ಹೀಗೆ ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಒಂದೇ ವಾರದಲ್ಲಿ ಇಬ್ಬರು ಹೆಂಗಸರು ಬಂದಿಳಿದರು. ಒಂದು ಒರೆಯಲ್ಲಿ ಎರಡು ಕತ್ತಿ ಎಂದು ಮಗ ಅಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ. ಮನೆಯಲ್ಲಿ ಹೇಳುವ ಧೈರ್ಯ ಅವನಿಗಿರಲಿಲ್ಲ.

ಬೀಗಿತ್ತಿ ಹೊರದೇಶದ ತಮ್ಮೂರಿನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಟೀಚರು. ಸಣ್ಣ ಮೈ, ಗಿಡ್ಡ ಕೂದಲು. ಕೂತರೂ ನಿಂತರೂ ಬೆನ್ನು ನೆಟ್ಟಗೆ. ಬಂದ ಎರಡನೇ ದಿನವೇ ಅವರು ಅಡುಗೆಮನೆಯ ಪೊಟ್ಟಣಗಳನ್ನೆಲ್ಲ ಬಿಚ್ಚಿ, ಒಂದೇ ಅಳತೆಯ ಗಾಜಿನ ಡಬ್ಬಿಗಳಿಗೆ ಸುರಿದು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದರು. ಚೀಟಿಯ ಮೇಲೆ ಅವರ ಅಕ್ಷರ.

ಮಾರನೆಯ ಬೆಳಿಗ್ಗೆ ಕಟಿಂಗ್ ಅಮ್ಮ ಟೀ ಮಾಡಿದರು. ಸೊಸೆ ಒಂದು ಗುಟುಕು ಕುಡಿದು ಕಪ್ಪನ್ನು ಪಕ್ಕಕ್ಕಿಟ್ಟಳು. ಮಗ ಒಂದು ಗುಟುಕು ಕುಡಿದು ಬಚ್ಚಲಿಗೆ ಓಡಿದ.

"ಉಪ್ಪು ಹಾಕಿದೀಯಲ್ಲಮ್ಮ!"

"ಎರಡೂ ಬೆಳ್ಳಗೆ, ಎರಡೂ ಪುಡಿ. ಯಾವುದು ಯಾವುದು ಅಂತ ನನಗೇನು ಕನಸು ಬಿದ್ದಿತ್ತಾ?"

"ಮೇಲೆ ಬರೆದಿದಾರಲ್ಲ."

"ಬರೆದಿದಾರಪ್ಪ. ಜೇಡ ಮಸಿಯಲ್ಲಿ ಬಿದ್ದು ಒದ್ದಾಡಿದ ಹಾಗೆ ಬರೆದಿದಾರೆ."

ಮಗ ಇಬ್ಬರ ಫೋನಿಗೂ ಅನುವಾದ ಮಾಡುವ ಆ್ಯಪ್ ಹಾಕಿಕೊಟ್ಟ. ಬೀಗಿತ್ತಿ ಫೋನನ್ನು ಬಾಯಿಯ ಹತ್ತಿರ ಹಿಡಿದು, ತಲೆ ಬಾಗಿಸಿ, ಬಹಳ ಹೊತ್ತು ಏನೋ ಹೇಳಿದರು. ಕ್ಷಮೆ ಕೇಳುತ್ತಿದ್ದಿರಬೇಕು. ಫೋನು ಸ್ವಲ್ಪ ಯೋಚಿಸಿ, ಸಿಹಿಯಾದ ಹೆಣ್ಣುದನಿಯಲ್ಲಿ, "ನಿಮ್ಮ ಮೊಣಕಾಲು ಸರ್ಕಾರಕ್ಕೆ ಸೇರಿದ್ದು," ಎಂದಿತು. ಕಟಿಂಗ್ ಅಮ್ಮ ತಮ್ಮ ಮೊಣಕಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಆ ಆ್ಯಪನ್ನು ಇಬ್ಬರೂ ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ, ಬೀಗಿತ್ತಿ ಮಲಗಿದ್ದಾಗ, ಕಟಿಂಗ್ ಅಮ್ಮ ಉಪ್ಪಿನ ಡಬ್ಬಿಯನ್ನು ಮುಂದಿಟ್ಟುಕೊಂಡು ಅದರ ಚೀಟಿಯನ್ನು ಒಂದು ರಟ್ಟಿನ ಮೇಲೆ ನಕಲು ಮಾಡಿದರು. ಪಕ್ಕದಲ್ಲಿ ತಮ್ಮ ಅಕ್ಷರದಲ್ಲಿ ಉಪ್ಪು ಎಂದು ಬರೆದರು. ಜೀವನವಿಡೀ ಬಟ್ಟೆಯ ಮೇಲೆ ಗುರುತು ಹಾಕಿದ ಕೈ. ಎಂಥ ಅಂಕುಡೊಂಕನ್ನಾದರೂ ಒಮ್ಮೆ ನೋಡಿದರೆ ಎಳೆದುಬಿಡುತ್ತಿತ್ತು. ನಕಲು ಅಸಲಿಗಿಂತ ಚೆನ್ನಾಗಿದೆ ಎಂದೇ ಅವರಿಗನ್ನಿಸಿತು. ಬೀಗಿತ್ತಿ ಎದ್ದು ಬಂದಾಗ ರಟ್ಟನ್ನು ಎತ್ತಿ ತೋರಿಸಿದರು.

ಬೀಗಿತ್ತಿ ಕನ್ನಡಕ ಹಾಕಿಕೊಂಡು ನೋಡಿದರು. ಮೆಚ್ಚಲಿಲ್ಲ, ಬೈಯಲೂ ಇಲ್ಲ. ಪೆನ್ಸಿಲನ್ನು ಕಟಿಂಗ್ ಅಮ್ಮನ ಕೈಗೆ ಕೊಟ್ಟು, ನನ್ನೆದುರಿಗೆ ಬರಿ ಎಂದು ಸನ್ನೆ ಮಾಡಿದರು. ಮೂರನೇ ಗೆರೆ ಎಳೆಯುವಷ್ಟರಲ್ಲಿ ನಾಲಿಗೆಯಿಂದ "ಚ್ಚು" ಎಂದು ಸದ್ದು ಮಾಡಿದರು.

ಪಾಠ ಶುರುವಾದದ್ದು ಹಾಗೆ. ಉಪ್ಪಿನ ಅಕ್ಷರ ಮೊದಲ ದಿನಕ್ಕೆ ಕಷ್ಟ ಎಂದು ಬೀಗಿತ್ತಿ ಚೌಕದಂಥ ಒಂದು ಅಕ್ಷರ ಬರೆದು, ತಮ್ಮ ಬಾಯಿ ಮುಟ್ಟಿ ತೋರಿಸಿದರು. ಬಾಯಿ. ಕಟಿಂಗ್ ಅಮ್ಮ ಅಂಗಿಯ ಜೇಬಿಗೆ ಗುರುತು ಹಾಕುವ ಹಾಗೆ, ಕೈ ಎತ್ತದೆ ಒಂದೇ ಸುತ್ತಿನಲ್ಲಿ ಚೌಕ ಮುಗಿಸಿದರು.

"ಚ್ಚು."

"ಇದರಲ್ಲೇನು ತಪ್ಪು?" ಎಂದು ಅವರು ಸೊಸೆಯ ಕೋಣೆಗೇ ಕಾಗದ ಹಿಡಿದುಕೊಂಡು ಹೋದರು. ಹಿಂದೆಯೇ ಬೀಗಿತ್ತಿಯೂ ಬಂದರು.

ಸೊಸೆ ಮಲಗಿದಲ್ಲಿಂದಲೇ ಹೇಳಿದಳು. "ಅದು ಮೂರು ಗೆರೆ ಅತ್ತೆ. ಮೊದಲು ಎಡಗೋಡೆ. ಆಮೇಲೆ ಮೇಲಿನಿಂದ ತಿರುಗಿಸಿ ಬಲಗೋಡೆ, ಒಂದೇ ಎಳೆತ. ಕೊನೆಗೆ ಕೆಳಗಡೆ ಮುಚ್ಚೋದು."

"ನಾನು ಮಾಡಿದ್ದೂ ಚೌಕಾನೇ ತಾನೇ? ಮುಗಿದ ಮೇಲೆ ನೋಡಿದರೆ ಯಾವ ಪುಣ್ಯಾತ್ಮನಿಗೆ ಗೊತ್ತಾಗುತ್ತೆ?"

"ಅಮ್ಮನಿಗೆ ಗೊತ್ತಾಗುತ್ತೆ."

ಬೀಗಿತ್ತಿ ಏನೋ ಹೇಳಿದರು. ಸೊಸೆ ನಕ್ಕಳು. "ಚೌಕದ ಒಳಗೆ ಬೇರೆ ಗೆರೆ ಇದ್ದರೆ ಅವನ್ನ ಮೊದಲು ಬರೀಬೇಕು, ಕೆಳಗಿನ ಬಾಗಿಲು ಆಮೇಲೆ. ಜನ ಒಳಗೆ ಹೋಗೋದಕ್ಕೆ ಮುಂಚೆ ಯಾರಾದರೂ ಬಾಗಿಲು ಹಾಕ್ತಾರಾ ಅಂತ ಕೇಳ್ತಿದಾರೆ."

"ನಮ್ಮ ಕಾರ್ಖಾನೆಯಲ್ಲಿ ಹಾಕ್ತಿದ್ರು ಅಂತ ಹೇಳು. ಐದು ನಿಮಿಷ ತಡವಾದರೆ ಸಾಕು."

ಅಂದು ಪಾತ್ರೆ ತೊಳೆಯುವಾಗಲೂ ಕಟಿಂಗ್ ಅಮ್ಮನಿಗೆ ಸಿಟ್ಟು ಇಳಿದಿರಲಿಲ್ಲ. ಗೆರೆಯನ್ನು ಎಲ್ಲಿಂದ ಎಳೆದರೇನು, ಕುದುರೆಯನ್ನು ಎಡಗಡೆಯಿಂದ ಹತ್ತಿದರೂ ಕುದುರೆಯೇ, ಬಲಗಡೆಯಿಂದ ಹತ್ತಿದರೂ ಕುದುರೆಯೇ. ಆದರೆ ಹಾಗೆ ಗೊಣಗುತ್ತಿರುವಾಗಲೇ ಅವರಿಗೆ ಕಾರ್ಖಾನೆಯ ಹೊಸ ಹುಡುಗಿಯೊಬ್ಬಳ ನೆನಪಾಯಿತು. ಭುಜ ಕೂಡಿಸುವ ಮೊದಲೇ ಕಾಲರ್ ಹಚ್ಚಲು ಹೊರಟಿದ್ದಳು. ಕೊನೆಗೆ ಅಂಗಿ ಅಂಗಿಯೇ ತಾನೇ ಎಂದು ಅವಳು ವಾದಿಸಿದಾಗ, ತೊಟ್ಟವನ ಕುತ್ತಿಗೆಯನ್ನು ಕೇಳು ಎಂದು ಇವರೇ ಬೈದಿದ್ದರು. ಕಟಿಂಗ್ ಅಮ್ಮ ಕೊನೆಯ ತಟ್ಟೆ ಒರೆಸಿಟ್ಟು, ಕೈ ಒಣಗಿಸಿಕೊಂಡು, ಹೋಗಿ ಬೀಗಿತ್ತಿಯ ಪಕ್ಕ ಕೂತರು. ಎಡಗೋಡೆ ಮೊದಲು ಎಳೆದರು.

ಪ್ರತಿ ಗೆರೆಗೂ ಒಂದು ಹೆಸರಿತ್ತು. ಬೀಗಿತ್ತಿ ಮಕ್ಕಳಿಗೆ ಹೇಳಿಸುವಂತೆ ರಾಗವಾಗಿ ಹೇಳುತ್ತಿದ್ದರು. ಅಡ್ಡಗೆರೆಗೆ "ಹಂಗ್". "ಹಂಗಾ?" ಎಂದು ಕಟಿಂಗ್ ಅಮ್ಮ ಕೇಳಿದರು, ಬೀಗಿತ್ತಿ ಮೆಚ್ಚಿ ತಲೆಯಾಡಿಸಿದರು. ಎಡಕ್ಕಿಳಿಯುವ ಗೆರೆ "ಪಿಯೆ". ಬಲಕ್ಕೆ ಜಾರಿ ಪಾದ ಊರುವ ಗೆರೆ "ನಾ". ಕಟಿಂಗ್ ಅಮ್ಮ ಎದೆ ತಟ್ಟಿಕೊಂಡು, "ಇದೊಂದು ನಾನೇ," ಎಂದರು. ಆ ಗೆರೆ ಮಾತ್ರ ಅವರಿಗೆ ಎಂದೂ ತಪ್ಪಲಿಲ್ಲ. ಉಳಿದವು ಸಾಕಷ್ಟು ತಪ್ಪಿದವು. ಮನುಷ್ಯ, ನೀರು, ಬೆಂಕಿ, ಬಾಗಿಲು, ದೊಡ್ಡದು, ಸಣ್ಣದು, ಮಗು, ಹೀಗೆ ದಿನಕ್ಕೊಂದೆರಡು ಬರತೊಡಗಿದವು. ಉಪ್ಪಿನ ಅಕ್ಷರವೂ ಒಂದು ದಿನ "ಚ್ಚು" ಇಲ್ಲದೆ ಮುಗಿಯಿತು. ಅವತ್ತು ಬೀಗಿತ್ತಿ ಪುಟದ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಹೂವಿನ ಗುರುತು ಹಾಕಿಕೊಟ್ಟರು. ಕಟಿಂಗ್ ಅಮ್ಮ ಅದನ್ನು ಮಗನಿಗೆ ತೋರಿಸಲಿಲ್ಲ. ಆದರೆ ಅವನ ಕಣ್ಣಿಗೆ ಬೀಳುವಂಥ ಜಾಗದಲ್ಲಿಟ್ಟರು.

ಇಬ್ಬರೂ ತರಕಾರಿಗೆ, ಔಷಧಿಗೆ ಒಟ್ಟಿಗೆ ಹೋಗತೊಡಗಿದರು. ಒಮ್ಮೆ ಬಸ್ಸಿನಲ್ಲಿ ಕಾಗದವಿಲ್ಲದೆ ಬೀಗಿತ್ತಿ, ಕಟಿಂಗ್ ಅಮ್ಮನ ಅಂಗೈ ಬಿಡಿಸಿ ತೋರುಬೆರಳಿನಿಂದ ಅದರ ಮೇಲೆ ಬರೆದರು. ಮೊದಲ ಸಲ ಕಚಗುಳಿಯಾಯಿತೇ ಹೊರತು ಏನೂ ತಿಳಿಯಲಿಲ್ಲ. ಎರಡನೇ ಸಲ ತಿಳಿಯಿತು: ನೀರು. ಕುಡಿಯಲು ನೀರಿದೆಯೇ ಎಂದು ಕೇಳುತ್ತಿದ್ದರು.

ಅಂಗೈ ಕಾಗದದ ಹಾಗಲ್ಲ. ಎರಡನೇ ಗೆರೆ ಎಳೆಯುವಷ್ಟರಲ್ಲಿ ಮೊದಲನೆಯದು ಇರುವುದಿಲ್ಲ. ಅಕ್ಷರ ಮುಗಿದಾಗ ನೋಡಲು ಏನೂ ಉಳಿದಿರುವುದಿಲ್ಲ. ಯಾವುದರ ಹಿಂದೆ ಯಾವುದು ಬಂತು ಎನ್ನುವುದಷ್ಟೇ ಚರ್ಮಕ್ಕೆ ಗೊತ್ತಿರುತ್ತದೆ. ಮುಗಿದ ಮೇಲೆ ಯಾರಿಗೆ ಗೊತ್ತಾಗುತ್ತೆ ಎಂದು ಕೇಳಿದ್ದ ಕಟಿಂಗ್ ಅಮ್ಮನಿಗೆ ಕ್ರಮ ಯಾಕೆ ಬೇಕೆಂದು ತಾನಾಗಿಯೇ ಅರ್ಥವಾಯಿತು.

ಸೊಸೆಯ ವಿಷಯದಲ್ಲಿ ಮಾತ್ರ ಅವರ ನಾಲಿಗೆ ಹಳೆಯ ಹರಿತದಲ್ಲೇ ಇತ್ತು. ಇಡೀ ದಿನ ಮಲಗಿರುವವರನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಒಂದು ಮಧ್ಯಾಹ್ನ ತಂಗಿ ಫೋನು ಮಾಡಿದಳು. ಕಟಿಂಗ್ ಅಮ್ಮ ನಡುಮನೆಯಲ್ಲಿ ಕೂತು, ಎಂದಿನಂತೆ ಎರಡು ಮನೆಗೆ ಕೇಳುವ ಹಾಗೆ ಮಾತಾಡಿದರು.

"ಏನು ಮಾಡ್ತಾಳೆ, ಮಲಗಿರ್ತಾಳೆ. ಗಾಜಿನ ಗೊಂಬೆ ಕಣೇ. ನಾನು ಇವನನ್ನ ಹೆರೋ ಹಿಂದಿನ ದಿನದವರೆಗೂ ಕತ್ತರಿ ಹಿಡಿದಿದ್ದೆ. ಬಸಿರು ಅಂದರೆ ಕಾಯಿಲೆನಾ? ಹೀಗೆ ಮಲಗಿಕೊಂಡರೆ ಹೊಟ್ಟೇಲಿರೋದೂ ಸೋಮಾರಿ ಆಗುತ್ತೆ. ಲೋಕದಲ್ಲಿ ಇವಳೊಬ್ಬಳೇ ಹೆರೋದು ಅನ್ನೋ ಹಾಗೆ!"

ಕೋಣೆಯ ಬಾಗಿಲು ತೆರೆದೇ ಇತ್ತು. ಬೀಗಿತ್ತಿ ಮಗಳಿಗೆ ಗಂಜಿ ಕುಡಿಸುತ್ತ ಕೂತಿದ್ದರು. ಅವರಿಗೆ ಹೊರಗಿನ ಮಾತು ತಿಳಿಯಲಿಲ್ಲ. ಮಗಳು ಚಮಚವನ್ನು ತಳ್ಳಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡದ್ದು ಮಾತ್ರ ಕಂಡಿತು. ಬೀಗಿತ್ತಿ ಬಟ್ಟಲನ್ನು ಕೆಳಗಿಟ್ಟು ಹೊರಗೆ ಬಂದರು. ಕಟಿಂಗ್ ಅಮ್ಮ ಫೋನು ಇಡುವುದನ್ನೇ ಕಾದು, ಅವರ ಮಣಿಕಟ್ಟು ಹಿಡಿದು, ಚಪ್ಪಲಿ ಮೆಟ್ಟಿಸಿ, ಕೆಳಗೆ ಕರೆದುಕೊಂಡು ಹೋದರು.

ಕಟ್ಟಡದ ಹಿಂದೆ ಸೈಕಲ್ಲು ನಿಲ್ಲಿಸುವ ಜಾಗದ ಪಕ್ಕ ಒಂದು ಸಿಮೆಂಟಿನ ಬೆಂಚಿತ್ತು. ಬೀಗಿತ್ತಿ ಅಲ್ಲಿ ಕೂರಿಸಿ, ಮೇಲೆ ಮಗಳ ಕಿಟಕಿಯ ಕಡೆ ಬೆರಳು ತೋರಿಸಿ, ಕಟಿಂಗ್ ಅಮ್ಮನ ಅಂಗೈ ಬಿಡಿಸಿದರು. ಒಂದು ಗಿಡ್ಡ ಅಡ್ಡಗೆರೆ, ಕೆಳಗೊಂದು ಉದ್ದ ಅಡ್ಡಗೆರೆ. ಎರಡು. ಆಮೇಲೆ ತಿರುಗುವ ಒಂದು ಗೆರೆ, ಕೊಕ್ಕೆಯಾಗಿ ಇಳಿಯುವ ಒಂದು ಗೆರೆ, ಕೊನೆಗೆ ತೋಳು ಚಾಚಿದಂತೆ ಅಡ್ಡಕ್ಕೊಂದು. ಮಗು.

ಎರಡು ಮಗು.

ಕಟಿಂಗ್ ಅಮ್ಮನ ಮುಖ ಅರಳಿತು. "ಅವಳಿಯಾ? ಅಯ್ಯೋ, ಮೊದಲೇ ಹೇಳಬಾರದಾ ಬೀಗಿತ್ತಿಯವರೇ! ಅದಕ್ಕೇನಾ ಈ ಪಾಟಿ ಮಲಗಿಸಿರೋದು?" ಎಂದು ಎರಡು ಬೆರಳೆತ್ತಿ, ಹೊಟ್ಟೆ ದೊಡ್ಡದಾಗಿರುವಂತೆ ಕೈಯಾಡಿಸಿ ತೋರಿಸಿದರು.

ಬೀಗಿತ್ತಿ ತಲೆಯಲ್ಲಾಡಿಸಿದರು. ಮತ್ತೆ ಅಂಗೈ ಹಿಡಿದುಕೊಂಡರು. ಮಗು ಎಂದು ಬರೆದರು. ಆಮೇಲೆ ತಮ್ಮ ಅಂಗೈಯಿಂದ ಅದರ ಮೇಲೆ ಸವರಿ, ಸ್ಲೇಟು ಒರೆಸುವಂತೆ ಒರೆಸಿಬಿಟ್ಟರು. ಮತ್ತೆ ಮಗು ಎಂದು ಬರೆದರು. ಮತ್ತೆ ಒರೆಸಿದರು. ಮೂರನೇ ಸಲ ಬರೆದು, ಒರೆಸಲಿಲ್ಲ. ಕಟಿಂಗ್ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಮುಚ್ಚಿಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

ಯಾರೋ ಬಂದು ಸೈಕಲ್ಲಿನ ಬೀಗ ತೆಗೆದು ಹೋದರು. ಆಮೇಲೆ ಇಬ್ಬರೂ ಎದ್ದು ಮೇಲೆ ಬಂದರು.

ಸಂಜೆ ಮಗ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಕಟಿಂಗ್ ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಕೇಳಿದರು.

"ಎರಡು ಸಲ ಹೋಯ್ತಂತೆ?"

ಅವನು ನಲ್ಲಿ ನಿಲ್ಲಿಸಿದ. "ಯಾರು ಹೇಳಿದ್ರು?"

"ನಿಮ್ಮತ್ತೆ."

"ಅವರಿಗೆ ನಮ್ಮ ಭಾಷೆ ಎಲ್ಲಿ ಬರುತ್ತೆ?"

"ಕೈಯಲ್ಲಿ ಬರೆದ್ರು. ನೀನು ಯಾಕೋ ಹೇಳಲಿಲ್ಲ?"

"ಹೇಳಿದ್ರೆ ಏನಂತಿದ್ದೆ ನೀನು?"

ಕಟಿಂಗ್ ಅಮ್ಮ ತಾವು ಏನೆನ್ನುತ್ತಿದ್ದಿರಬಹುದೆಂದು ಯೋಚಿಸಿದರು. ಒಳ್ಳೆಯ ಮಾತೊಂದೂ ಹೊಳೆಯಲಿಲ್ಲ.

"ಅವಳೇ ಬೇಡ ಅಂದಿದ್ಲು. ಯಾರಿಗೂ ಬೇಡ ಅಂತ," ಎಂದು ಮಗ ಟವೆಲಿನಿಂದ ಮುಖ ಒರೆಸಿಕೊಂಡ.

ಹೆಂಡತಿಯೆದುರು ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಊಟದ ಹೊತ್ತಿಗೆ ಹೇಳಿದ್ದ. ಕೋಣೆಯಿಂದ ಸೊಸೆಯ ದನಿ ಏರಿದ್ದು ಕೇಳಿಸಿತು. ಅವಳ ಮಾತಿನಲ್ಲಿ, ಅವಳ ತಾಯಿಯ ಮೇಲೆ. ಬೀಗಿತ್ತಿ ಒಂದೆರಡು ಸಲ ಏನೋ ಹೇಳಿದರು. ಹೊರಗೆ ಬಂದು, ಅಡುಗೆಮನೆಯ ದೀಪ ಹಾಕಿ, ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದರು.

ಅಂದಿನಿಂದ ತಾಯಿ ಮಗಳಿಗೆ ಮಾತಿಲ್ಲ. ಬೀಗಿತ್ತಿ ಹೊತ್ತು ಹೊತ್ತಿಗೆ ಗಂಜಿ, ಹಣ್ಣು, ಮಾತ್ರೆ ತಂದಿಡುತ್ತಿದ್ದರು. ಸೊಸೆ ತೆಗೆದುಕೊಳ್ಳುತ್ತಿದ್ದಳು. ಅಷ್ಟೇ. ಅಕ್ಷರಪಾಠವೂ ನಿಂತಿತು. ಕಟಿಂಗ್ ಅಮ್ಮ ಕಾಗದ ಪೆನ್ಸಿಲು ಮುಂದಿಟ್ಟರೆ ಬೀಗಿತ್ತಿ ಅದನ್ನು ಮೆಲ್ಲಗೆ ಅತ್ತ ಸರಿಸುತ್ತಿದ್ದರು.

ಕೆಲವು ದಿನ ನೋಡಿ ಕಟಿಂಗ್ ಅಮ್ಮ ಸೊಸೆಯ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತರು.

"ನಾನು ಆಡಿದ್ದು ತಪ್ಪು. ಆಡಿದ ಮಾತು ಕತ್ತರಿಸಿದ ಬಟ್ಟೆ ಇದ್ದ ಹಾಗೆ, ಮತ್ತೆ ಅಖಂಡ ಆಗಲ್ಲ. ನಿಮ್ಮಮ್ಮ ನನ್ನ ಬಾಯಿ ಮುಚ್ಚಿಸೋಕೆ ಹಾಗೆ ಮಾಡಿದ್ರು. ಬೈಯೋದಾದ್ರೆ ನನಗೆ ಬೈ."

"ನಿಮ್ಮ ಮೇಲೆ ಸಿಟ್ಟಿಲ್ಲ ಅತ್ತೆ. ನಿಮಗೆ ಗೊತ್ತಿರಲಿಲ್ಲ."

"ಮತ್ತೆ?"

"ಅಮ್ಮನಿಗೆ ಗೊತ್ತಿತ್ತಲ್ಲ. ಅದು ನಂದು. ಹೇಳಬೇಕು ಅನ್ನಿಸಿದಾಗ ನಾನೇ ಹೇಳ್ತಿದ್ದೆ. ಅನ್ನಿಸದಿದ್ರೆ ಇಲ್ಲ." ಅವಳು ಹೊದಿಕೆಯ ಅಂಚನ್ನು ಸರಿಮಾಡಿಕೊಂಡಳು. "ಈಗ ನೋಡಿ, ನೀವು ನನ್ನನ್ನ ಪಾಪ ಅನ್ನೋ ಹಾಗೆ ನೋಡ್ತಿದೀರ. ಅವತ್ತಿನಿಂದ ಮೆಲ್ಲಗೆ ಮಾತಾಡ್ತಿದೀರ. ಅದಕ್ಕೇ ನಾನು ಯಾರಿಗೂ ಬೇಡ ಅಂದಿದ್ದು."

"ಹಾಗಾದ್ರೆ ಬೈಲಾ?"

"ಸ್ವಲ್ಪ ಬೈರಿ."

ಕಟಿಂಗ್ ಅಮ್ಮ ಸುತ್ತ ನೋಡಿದರು. "ಹಾಲಿನ ಲೋಟ ಮಂಚದ ಕೆಳಗಿಟ್ಟಿದೀಯ, ಇರುವೆ ಸಾಲು ಹಿಡಿದಿದೆ. ಊರ ಮಕ್ಕಳನ್ನೆಲ್ಲ ತಿದ್ದಿದ ಟೀಚರಂತೆ ನಿಮ್ಮಮ್ಮ. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳ್ತಾರಾ?"

ಸೊಸೆ ನಕ್ಕಳು, ನಗುತ್ತಲೇ ಅಳು ಬಂತು. ಕಟಿಂಗ್ ಅಮ್ಮ ಲೋಟ ಎತ್ತಿಕೊಂಡು, ಇರುವೆ ಒರೆಸಲು ಬಟ್ಟೆ ತರುತ್ತೇನೆಂದು ಹೊರಗೆ ಹೋಗಿ, ಸ್ವಲ್ಪ ತಡವಾಗಿ ಬಂದರು. ಅವರಿಬ್ಬರ ನಡುವಿನದು ಅಲ್ಲಿಗೆ ಸರಿಹೋಯಿತು. ಆದರೆ ತಾಯಿಯ ಮಾತೆತ್ತಿದರೆ ಸೊಸೆ, "ಅದು ಬೇರೆ ಅತ್ತೆ," ಎನ್ನುತ್ತಿದ್ದಳು.

ಹೆರಿಗೆ ದಿನಕ್ಕೆ ಮುಂಚೆಯೇ ಆಯಿತು. ಬೆಳಗಿನ ತಿಂಡಿಯ ಹೊತ್ತಿಗೆ ನೋವು ಬಂದು, ಮಧ್ಯಾಹ್ನದೊಳಗೆ ಹೆಣ್ಣು ಕೂಸು ಹುಟ್ಟಿತು. ತೂಕ ಕಡಿಮೆ ಎಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಸಿರಾಟ ಚೆನ್ನಾಗಿದೆ, ಹೆದರಬೇಡಿ ಎಂದು ನರ್ಸು ಹೇಳಿದಳು. ಮಗ ಕಾರಿಡಾರಿನ ಮೂಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತು ಅತ್ತು, ಕನ್ನಡಕ ಒರೆಸಿಕೊಂಡು ಔಷಧಿ ತರಲು ಓಡಿದ.

ಸೊಸೆಯನ್ನು ವಾರ್ಡಿಗೆ ತಂದ ಮೇಲೆ ಕಟಿಂಗ್ ಅಮ್ಮ ಒಳಗೆ ಹೋಗಿ ನೋಡಿಕೊಂಡು ಬಂದರು. ಬೀಗಿತ್ತಿ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೇ ಇದ್ದರು. ಮಗಳು ಕರೆದಿರಲಿಲ್ಲ, ಕರೆಯದೆ ಅವರು ಏಳುವ ಹಾಗೆ ಕಾಣಲಿಲ್ಲ. ಕಟಿಂಗ್ ಅಮ್ಮ ಪಕ್ಕದಲ್ಲಿ ಕೂತು, ಮೊದಲ ಬಾರಿಗೆ ತಾವೇ ಬೀಗಿತ್ತಿಯ ಅಂಗೈ ಬಿಡಿಸಿದರು. ಒಳಗೆ ಹೋಗು ಎನ್ನುವುದಕ್ಕೆ ಎರಡೇ ಗೆರೆ: ಪಿಯೆ, ನಾ. ಮನುಷ್ಯ ಎನ್ನುವುದಕ್ಕೂ ಅವೇ ಎರಡು ಗೆರೆ, ಅದೇ ಕ್ರಮ. ಯಾವುದರ ತಲೆ ಮೇಲೆ ಚಾಚುತ್ತದೆ ಎನ್ನುವುದೊಂದೇ ವ್ಯತ್ಯಾಸ. ಅಂಗೈಯಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಬೀಗಿತ್ತಿ ಮನುಷ್ಯ ಎಂದು ಓದಿಕೊಂಡು, ಯಾರು ಬಂದರೆಂದು ಕಾರಿಡಾರಿನ ಎರಡೂ ಕಡೆ ನೋಡಿದರು.

ಕಟಿಂಗ್ ಅಮ್ಮ ಇನ್ನೊಮ್ಮೆ ಬರೆದರು. ಬೀಗಿತ್ತಿ ಮತ್ತೆ ಕಾರಿಡಾರಿನ ಕಡೆ ನೋಡಿದರು.

"ಏಳ್ರೀ ಮೇಲೆ!" ಎಂದರು ಕಟಿಂಗ್ ಅಮ್ಮ, ಹಳೆಯ ಮೇಲ್ವಿಚಾರಕಿಯ ದನಿಯಲ್ಲಿ. ತೋಳು ಹಿಡಿದು ಎಬ್ಬಿಸಿ, ಬಾಗಿಲವರೆಗೆ ನಡೆಸಿ, ಬೆನ್ನಿಗೆ ಕೈಕೊಟ್ಟು ಒಳಗೆ ದೂಡಿದರು.

ಸೊಸೆ ಕಣ್ಣು ಬಿಟ್ಟು ತಾಯಿಯನ್ನು ನೋಡಿದಳು. ಬೀಗಿತ್ತಿ ಮಂಚದಿಂದ ದೂರದಲ್ಲೇ ನಿಂತಿದ್ದರು. ಆಮೇಲೆ ಸೊಸೆ ತನ್ನ ಮಾತಿನಲ್ಲಿ ಏನೋ ಹೇಳಿದಳು. ಚಿಕ್ಕ ವಾಕ್ಯ, ಸಿಟ್ಟಿನದೂ ಅಲ್ಲ, ಪ್ರೀತಿಯದು ಎಂದು ಹೇಳಲೂ ಆಗದು. ಬೀಗಿತ್ತಿ ಹತ್ತಿರ ಹೋಗಿ ದಿಂಬು ಸರಿಮಾಡಿದರು. ಏನು ಹೇಳಿದಳೆಂದು ಕಟಿಂಗ್ ಅಮ್ಮ ಆಗಲೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಬಾಗಿಲು ಮುಂದಕ್ಕೆಳೆದು, ಕೆಳಗಿನ ಕ್ಯಾಂಟೀನಿಗೆ ಹೋಗಿ ಒಬ್ಬರೇ ಕೂತು ಟೀ ಕುಡಿದರು.

ಕೂಸು ಗಾಜಿನ ಪೆಟ್ಟಿಗೆಯಿಂದ ಹೊರಬಂದು, ಮನೆಗೆ ಬಂದು, ಕೈಕಾಲು ತುಂಬಿಕೊಂಡಿತು. ವೀಸಾ ಮುಗಿದಾಗ ಬೀಗಿತ್ತಿ ಹೊರಟರು. ಅಷ್ಟು ಹೊತ್ತಿಗೆ ತಾಯಿ ಮಗಳು ಮಾತಾಡುತ್ತಿದ್ದರು, ಸಣ್ಣಪುಟ್ಟದ್ದಕ್ಕೆ ಜಗಳವನ್ನೂ ಆಡುತ್ತಿದ್ದರು. ಆ ಒಂದು ವಿಷಯವನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಬೀಗಿತ್ತಿಯರಿಬ್ಬರೂ ಒಬ್ಬರಿಗೊಬ್ಬರು ತಲೆಬಾಗಿಸಿದರು. ಅಂಗೈ ಮೇಲೆ ಬರೆಯೋಣವೆಂದರೆ ಇಬ್ಬರ ಕೈಯಲ್ಲೂ ಸಾಮಾನಿತ್ತು.

ಈಗ ಭಾನುವಾರದ ಬೆಳಿಗ್ಗೆ ಫೋನಿನ ಪರದೆಯ ಮೇಲೆ ಬೀಗಿತ್ತಿ ಬರುತ್ತಾರೆ. ಮೊದಲ ವಾರ ಕಟಿಂಗ್ ಅಮ್ಮ ಮುಂಚೆಯೇ ಒಂದು ಪುಟ ಬರೆದಿಟ್ಟುಕೊಂಡು, ಕ್ಯಾಮೆರಾ ಎದುರಿಗೆ ಎತ್ತಿ ಹಿಡಿದರು. ಬೀಗಿತ್ತಿ ಅತ್ತ ಕಡೆಯಿಂದ ಏನೋ ಹೇಳಿದರು.

"ಬರೆದದ್ದು ಬೇಡವಂತೆ ಅತ್ತೆ," ಎಂದಳು ಸೊಸೆ. "ಬರೆಯೋದನ್ನ ತೋರಿಸಬೇಕಂತೆ."

ಅಂದಿನಿಂದ ಮಗ ಅಮ್ಮನ ಭುಜದ ಮೇಲಿಂದ ಫೋನನ್ನು ಕಾಗದದ ನೇರಕ್ಕೆ ಹಿಡಿದು ನಿಲ್ಲುತ್ತಾನೆ. ಕೈ ನೋಯುತ್ತದೆ ಎಂದು ಗೊಣಗುತ್ತಾನೆ, ಅಲ್ಲಾಡಿಸಬೇಡ ಎಂದು ಬೈಸಿಕೊಳ್ಳುತ್ತಾನೆ. ಹೊಸ ಅಕ್ಷರ ವಾರಕ್ಕೆರಡು. ಕೂಸು ಎದ್ದು ಅಳಲು ಶುರುಮಾಡಿದರೆ ಕಟಿಂಗ್ ಅಮ್ಮ ಪೆನ್ಸಿಲು ಕೆಳಗಿಟ್ಟು, "ಇವತ್ತಿಗೆ ಸಾಕು ಬೀಗಿತ್ತಿಯವರೇ," ಎನ್ನುತ್ತಾರೆ, ತಮ್ಮ ಮಾತಿನಲ್ಲೇ. ಬೀಗಿತ್ತಿ ಕನ್ನಡಕ ಒರೆಸಿ ಹಾಕಿಕೊಂಡು, ಕೂಸನ್ನು ಪರದೆಯ ಮುಂದೆ ತರುವುದನ್ನೇ ಕಾಯುತ್ತಾರೆ.